ಹಳ್ಳಿಯ ಬೊಕ್ಕಸದಲ್ಲಿ ಬಡವನ ಪಾಲು

ರಾಜ್ಯದ ಆಡಳಿತವು ಒಳ್ಳೆಯದೋ ಕೆಟ್ಟದ್ದೋ ಎಂಬದನ್ನು ರಾಜಧಾನಿಯ ಸೌಧಗಳನ್ನು ನೋಡಿ ನಿರ್ಣಯಿಸಲಾಗದು. ಊರಿನ ಕಡೆಯ ಕೇರಿಯ ಕಡೆಯ ಮನೆಗೆ ಕುಡಿಯುವ ನೀರು ದೊರೆಯುವದೋ ಇಲ್ಲವೋ, ತಾಯಿಯು ಕಳೆ ತೆಗೆಯಲು ಹೊಲಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವವರುಂಟೋ ಇಲ್ಲವೋ, ಹಾಸಿಗೆ ಹಿಡಿದ ಮುದುಕನ ಬಾಗಿಲಿಗೆ ಔಷಧವು ಬರುವದೋ ಇಲ್ಲವೋ ಎಂಬದೇ ಅದಕ್ಕೆ ಸರಿಯಾದ ಒರೆಗಲ್ಲು. ಈ ವಾರ ನಾವು ಧಾರವಾಡ ಜಿಲ್ಲೆಯ ನವಲಗುಂದ-ಅಣ್ಣಿಗೇರಿ ಸೀಮೆಯ ಶಲವಡಿಯಂಥ ಒಂದು ಊರನ್ನು ಕಣ್ಣ ಮುಂದಿಟ್ಟುಕೊಂಡು, ಸ್ಥಾನಿಕ ಸ್ವರಾಜ್ಯದ ಹಣಕಾಸಿನ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಈ ಸೀಮೆಯ ಎರೆಭೂಮಿಯು ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಗಳನ್ನು ಕೊಡುತ್ತದೆ. ಕುಡಿಯುವ ನೀರನ್ನು ಮಾತ್ರ ಕೊಡಲೊಲ್ಲದು. ನೆಲದೊಳಗಿನ ನೀರು ಸವಳಾದ್ದರಿಂದ ಇಲ್ಲಿಯ ಹಳ್ಳಿಗಳು ತಲೆತಲಾಂತರದಿಂದ ಕೆರೆಗಳನ್ನೇ ನಂಬಿ ಬಾಳಿವೆ. ಮಲಪ್ರಭೆಯ ಕಾಲುವೆಯಿಂದ ಕೆರೆ ತುಂಬಿಸುವ ಏರ್ಪಾಡು ಬಂದ ಮೇಲೆಯೂ ನೀರಿನ ಚಿಂತೆಯು ಪೂರ್ಣವಾಗಿ ತೊಲಗಿದ್ದಿಲ್ಲ. ಇಂಥ ನಾಡಿನಲ್ಲಿ ಊರ ಪಂಚಾಯತಿಯ ಬೊಕ್ಕಸವು ಬರಿದಾದರೆ ಉಳ್ಳವನು ಹಣ ಕೊಟ್ಟು ಬೇರೆಡೆಯಿಂದ ನೀರು ತರಿಸಿಯಾನು. ಇಲ್ಲದವನು ಏನು ಮಾಡಬೇಕು?

ಹಿಂದಿನದನ್ನು ಸ್ವಲ್ಪ ನೆನೆಯೋಣ. ಧಾರವಾಡವು ಮುಂಬಯಿ ಇಲಾಖೆಯಲ್ಲಿದ್ದಾಗ, 1869ರ ಕಾಯಿದೆಯಂತೆ ಭೂಮಿಯ ಸಾರಾದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆಯನ್ನು ಲೋಕಲ್ ಫಂಡಿಗೆಂದು ಎತ್ತುತ್ತಿದ್ದರು. ಹಳ್ಳಿಯ ಶಾಲೆಗಳೂ ರಸ್ತೆಗಳೂ ಆ ಆಣೆಯಿಂದಲೇ ನಡೆಯಬೇಕಾಗಿತ್ತು. 1882ರಲ್ಲಿ ಲಾರ್ಡ್ ರಿಪನ್ನರು ಸ್ಥಾನಿಕ ಸ್ವರಾಜ್ಯದ ಠರಾವನ್ನು ಹೊರಡಿಸಿದರು. 1884ರಲ್ಲಿ ಲೋಕಲ್ ಬೋರ್ಡುಗಳ ಕಾಯಿದೆಯು ಬಂದಿತು. ಆದರೆ ಬೋರ್ಡಿನ ಅಧ್ಯಕ್ಷಪೀಠದಲ್ಲಿ ಕಲೆಕ್ಟರರೇ ಕುಳಿತರು. ಆಣೆ ಕೊಡುವವನು ರೈತ, ಅದರ ಖರ್ಚನ್ನು ಗೊತ್ತುಮಾಡುವವನು ದೊರೆ. ಊರ ಹೊರಗಿನ ಕೇರಿಯವನಂತೂ ಯಾವ ಲೆಕ್ಕದಲ್ಲಿಯೂ ಇದ್ದಿಲ್ಲ.

ಈಗ ಕಾಲವು ಬದಲಾಗಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ಒಪ್ಪಿಸತಕ್ಕ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಎಣಿಸಿದೆ. ಕುಡಿಯುವ ನೀರು, ರಸ್ತೆಗಳಷ್ಟೇ ಅಲ್ಲ. ಆರೋಗ್ಯ, ಸ್ತ್ರೀಯರ ಮತ್ತು ಮಕ್ಕಳ ಅಭ್ಯುದಯ, ಅಂಗವಿಕಲರ ಕ್ಷೇಮ, ದುರ್ಬಲ ವರ್ಗಗಳ ಹಿತ ಇವೆಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮ ಕರ್ನಾಟಕವು ಈ ಮಾರ್ಗದಲ್ಲಿ ಇತರರಿಗಿಂತ ಮುಂಚೆಯೇ ನಡೆದಿತ್ತೆಂಬದು ಅಭಿಮಾನದ ಸಂಗತಿ. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ರೂಪುಗೊಂಡ 1983ರ ಕಾಯಿದೆಯು ಸ್ತ್ರೀಯರಿಗೆ ನಾಲ್ಕರಲ್ಲೊಂದು ಸ್ಥಾನವನ್ನು ಕಾದಿರಿಸಿತ್ತು. 1987ರಲ್ಲಿ ಆ ಕಾಯಿದೆಯಂತೆ ಚುನಾವಣೆಗಳೂ ನಡೆದವು. ಹೀಗೆ ಕರ್ತವ್ಯವು ಹಳ್ಳಿಗೆ ಬಂದಿತು, ಅಧಿಕಾರವೂ ಕೆಲಮಟ್ಟಿಗೆ ಬಂದಿತು. ಹಣವು ಬಂದಿತೇ? ಬಂದದ್ದು ಯಾವ ಅಳತೆಯಿಂದ ಬಂದಿತು? ಇದೇ ನಮ್ಮ ಪ್ರಶ್ನೆ.

ಗ್ರಾಮ ಪಂಚಾಯತಿಯ ಸ್ವಂತ ಉತ್ಪನ್ನದಲ್ಲಿ ಮುಖ್ಯವಾದದ್ದು ಮನೆ, ಅಂಗಡಿ, ನಿವೇಶನಗಳ ಮೇಲಿನ ಪಟ್ಟಿ. ಸಾಗುವಳಿಯ ಭೂಮಿಯು ಅದರ ಕೈಗೆ ನಿಲುಕದು. ಬೆಂಗಳೂರಿನ ಅಂಚಿನಲ್ಲಿರುವ ಪಂಚಾಯತಿಗೆ ಬಡಾವಣೆ, ಕಾರಖಾನೆ, ಗೋದಾಮುಗಳಿಂದ ಪಟ್ಟಿ ಬರುವದು. ಎರೆಸೀಮೆಯ ಊರಿನಲ್ಲಾದರೋ ಸಂಪತ್ತೆಂದರೆ ಹೊಲ. ಮನೆಗಳು ಬಹುಮಟ್ಟಿಗೆ ಮಣ್ಣಿನ ಮಾಳಿಗೆಗಳು. ಇಬ್ಬರಿಗೂ ಕಾಯಿದೆ ಒಂದೇ, ಕರ್ತವ್ಯ ಒಂದೇ, ಆದರೆ ಬೊಕ್ಕಸದ ಅಂತರವು ಅಜಗಜಾಂತರ. ಮಳೆಯನ್ನು ನಂಬಿದ ಹೊಲಕ್ಕೆ ಹೊಸ ಪಟ್ಟಿ ಹಾಕಿರೆಂದು ನಾವು ಹೇಳುತ್ತಿಲ್ಲ. ಆ ಕೊರತೆಯನ್ನು ತುಂಬಿಕೊಡುವದು ಮೇಲಿನ ಸರಕಾರಗಳ ಹೊಣೆಯೆಂದು ಹೇಳುತ್ತೇವೆ. ಅಷ್ಟೇ ಅಲ್ಲ, ಮನೆಪಟ್ಟಿಯ ಜೊತೆಗೆ 1965ರ ಕಾಯಿದೆಯಂತೆ ಗ್ರಂಥಾಲಯಕ್ಕೆಂದೂ 1975ರ ಕಾಯಿದೆಯಂತೆ ಭಿಕ್ಷುಕರ ಪುನರ್ವಸತಿಗೆಂದೂ ಉಪಕರಗಳನ್ನು ಹಳ್ಳಿಯವನು ತೆರುತ್ತಾನೆ. ಅವು ಲೋಕಸೇವೆಯ ಹೆಸರಿನಲ್ಲಿಯೇ ಊರು ಬಿಟ್ಟು ಹೋಗುತ್ತವೆ. ಯಾವ ಸೇವೆಯಾಗಿ ಊರಿಗೆ ಮರಳಿದವೆಂದು ಕೇಳುವ ಹಕ್ಕು ಅವನಿಗೆ ಇದ್ದೇ ಇದೆ.

ಇನ್ನು ಮೇಲಿನಿಂದ ಬರುವ ಅನುದಾನದ ರೀತಿಯನ್ನು ನೋಡಿರಿ. 15ನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. ಅದನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ. 90, ಕ್ಷೇತ್ರಕ್ಕೆ ಶೇ. 10ರ ತೂಕವನ್ನು ಕೊಟ್ಟಿತು. ನೂರರಲ್ಲಿ ಅರುವತ್ತು ರೂಪಾಯಿಗಳನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಸರಿಸಮನಾಗಿ ಕಟ್ಟಿಟ್ಟು, ಉಳಿದ ನಾಲ್ವತ್ತನ್ನು ಪಂಚಾಯತಿಗಳ ವಿವೇಚನೆಗೆ ಬಿಟ್ಟಿತು. ನೀರಿಗೆ ಹಣ ಕಟ್ಟಿಟ್ಟದ್ದು ತಪ್ಪೆಂದು ಸವಳುನೀರಿನ ಸೀಮೆಯವರಾರೂ ಹೇಳರು. ಆದರೆ ತಲೆಯೆಣಿಕೆಯ ಅಳತೆಯಲ್ಲಿ ಸಿಹಿನೀರಿನ ಬಾವಿಯುಳ್ಳ ಊರೂ ಸವಳುನೀರಿನ ಊರೂ ಒಂದೇ ಆಗಿಬಿಡುತ್ತವೆ. ಕಟ್ಟಿಲ್ಲದ ಹಣವಾದರೂ ಬಹುಶಃ ಕಲ್ಲು-ಸಿಮೆಂಟುಗಳ ಪಾಲಾಗುತ್ತದೆ. ಗಟಾರ ಕಟ್ಟಿದರೆ ಕಣ್ಣಿಗೆ ಕಾಣಿಸುತ್ತದೆ, ಫಲಕದ ಮೇಲೆ ಹೆಸರು ಕೆತ್ತಿಸಬಹುದು. ಹಾಸಿಗೆ ಹಿಡಿದವಳ ಶುಶ್ರೂಷೆಗೆ ಫಲಕವೆಲ್ಲಿ ಹಾಕಿಸಬೇಕು?

ಸಾರ್ವಜನಿಕ ಹಣಕ್ಕೆ ನ್ಯಾಯದ ಕಟ್ಟು ಹಾಕುವದು ಹೊಸ ವಿಚಾರವೇನೂ ಅಲ್ಲ. 1923ರ ಆಗಸ್ಟ ತಿಂಗಳಲ್ಲಿ ಸೀತಾರಾಮ ಕೇಶವ ಬೋಲೆಯವರು ಮುಂಬಯಿಯ ಕಾಯಿದೆ ಕೌನ್ಸಿಲಿನಲ್ಲಿ ಒಂದು ಠರಾವನ್ನು ತಂದರು. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಉಪಯೋಗಿಸಬೇಕೆಂಬದು ಅದರ ತಾತ್ಪರ್ಯ. ಧಾರವಾಡವೂ ಆಗ ಅದೇ ಇಲಾಖೆಯೊಳಗಿತ್ತು. ಠರಾವು ಕಾಗದದಲ್ಲಿಯೇ ಉಳಿದದ್ದನ್ನು ಕಂಡು 1926ರಲ್ಲಿ ಅವರು, ಇದನ್ನು ಪಾಲಿಸದ ಸ್ಥಾನಿಕ ಸಂಸ್ಥೆಗಳಿಗೆ ಸರಕಾರದ ಅನುದಾನವನ್ನು ಕೊಡಕೂಡದೆಂದು ಮತ್ತೊಂದು ಠರಾವನ್ನು ಮಂಡಿಸಿದರು. ಬೋಲೆಯವರ ಮಾತಿನ ಮರ್ಮವನ್ನು ಇಂದಿನವರೂ ಗ್ರಹಿಸಬೇಕು. ಎಲ್ಲರ ಹಣದಿಂದ ತೋಡಿದ ಬಾವಿಯು ಎಲ್ಲರದಾಗದಿದ್ದರೆ, ಆ ಹಣವನ್ನು ಕೇಳುವ ಅಧಿಕಾರವು ಯಾರಿಗೂ ಇಲ್ಲ.

ನಾಡು ಒಂದಾದರೆ ಅನ್ಯಾಯವೆಲ್ಲ ತಾನಾಗಿ ನೀಗುವದೆಂದು ಹಿರಿಯರು ನಂಬಿದ್ದರು. ಮುಂಬಯಿ, ಮದರಾಸು, ನಿಜಾಮ ಸೀಮೆ, ಮೈಸೂರು, ಕೊಡಗುಗಳಲ್ಲಿ ಹರಿದು ಹಂಚಿಹೋದ ಕನ್ನಡಿಗರು 1956ರ ನವೆಂಬರ 1ರಂದು ಒಂದೇ ಸೂರಿನಡಿ ಬಂದರು. ಆದರೆ ಒಂದೇ ಸೂರಿನಡಿಯಲ್ಲಿಯೂ ಪಂಕ್ತಿಭೇದವಿರಬಹುದೆಂಬದನ್ನು 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಅಂಕಿಗಳಿಂದ ತೋರಿಸಿತು. 35 ಸೂಚಕಗಳಿಂದ ಆಗಿನ 175 ತಾಲೂಕುಗಳನ್ನು ಅಳೆದು, 114 ತಾಲೂಕುಗಳು ಹಿಂದುಳಿದಿವೆಯೆಂದು ಅದು ಹೇಳಿತು. ಆ 114ರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಆದಕಾರಣ ಇದು ಉತ್ತರ-ದಕ್ಷಿಣಗಳ ಜಗಳವಲ್ಲ. ಸಮಿತಿಯು ತಾಲೂಕಿನ ವರೆಗೆ ಅಳೆಯಿತು. ಆ ಅಳತೆಗೋಲು ಅಲ್ಲಿಗೇ ನಿಲ್ಲಬಾರದು. ತಾಲೂಕಿನೊಳಗೆ ಯಾವ ಹಳ್ಳಿ ಹಿಂದಿದೆ, ಹಳ್ಳಿಯೊಳಗೆ ಯಾವ ಕೇರಿ ಹಿಂದಿದೆ ಎಂಬದನ್ನೂ ಅದು ಅಳೆಯಬೇಕು.

ನೆರೆಯ ಕೇರಳದಿಂದ ನಾವು ಕಲಿಯಬೇಕಾದದ್ದಿದೆ. 1996ರಲ್ಲಿ ಆ ರಾಜ್ಯವು ಯೋಜನೆಯ ಹಣದ ಶೇ. 35ರಿಂದ 40ರಷ್ಟನ್ನು ಸ್ಥಾನಿಕ ಸಂಸ್ಥೆಗಳಿಗೆ ಬಿಟ್ಟುಕೊಡಲು ನಿರ್ಧರಿಸಿತು. ಪ್ರತಿಯೊಂದು ಪಂಚಾಯತಿಗೆ ಎಷ್ಟು ಹಣವೆಂಬದನ್ನು ಅಲ್ಲಿ ಆಯವ್ಯಯದ ಅನುಬಂಧದಲ್ಲಿಯೇ ಅಚ್ಚುಹಾಕಿಸುವ ಪದ್ಧತಿ ಬೆಳೆಯಿತು. ಹಣಕ್ಕಾಗಿ ಯಾರ ಮನೆಯ ಕಟ್ಟೆಯನ್ನೂ ಕಾಯಬೇಕಾಗಲಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ವಿಷದಿಂದ, ಕನ್ನಡಿಗರು ಬಹುವಾಗಿ ನೆಲೆಸಿದ ಎಣ್ಮಕಜೆಯಂಥ ಊರುಗಳ ಮಕ್ಕಳು ನೊಂದರು. ಅಂಥ ಮಕ್ಕಳಿಗಾಗಿ ಅಲ್ಲಿಯ ಪಂಚಾಯತಿಗಳು ಬಡ್ಸ್ ಎಂಬ ವಿಶೇಷ ಶಾಲೆಗಳನ್ನು ನಡೆಸಿದವು. ಕಾಸರಗೋಡು ನಮ್ಮಿಂದ ಅಗಲಿದ ದುಃಖವು ನಮಗುಂಟು. ಹಾಗೆಂದು ಅಲ್ಲಿಯ ಕನ್ನಡ ಕೂಸಿಗೆ ದೊರೆತ ಹಿತವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳುವದು ಅಭಿಮಾನವೆನಿಸದು. ಆ ಹಿತವು ಎರೆಸೀಮೆಯ ಕೂಸಿಗೂ ದೊರೆಯಬೇಕೆಂದು ಹಟ ಹಿಡಿಯುವದೇ ನಿಜವಾದ ಅಭಿಮಾನ.

ಹಳ್ಳಿಗರ ಕೈಗೆ ಹಣ ಕೊಟ್ಟರೆ ಸೋರಿಹೋಗುವದೆಂದು ಕೆಲವರು ಆಕ್ಷೇಪಿಸುತ್ತಾರೆ. ಸೋರುವಿಕೆಯು ಹಳ್ಳಿಗೇ ಮೀಸಲಾದ ರೋಗವೆಂದು ಯಾರು ಹೇಳಿದರು? ಅದಕ್ಕೆ ಔಷಧವೆಂದರೆ ಲೆಕ್ಕವನ್ನು ಬಹಿರಂಗವಾಗಿ ಓದುವದು. ವರ್ಷಕ್ಕೊಮ್ಮೆ ಪಂಚಾಯತಿಯಲ್ಲಿ ನಡೆಯತಕ್ಕ ಜಮಾಬಂದಿಯು ಇದಕ್ಕಾಗಿಯೇ ಇದೆ. ಹಳ್ಳಿಗನು ಕರ ಕೊಡಲೊಲ್ಲನೆಂದು ಮತ್ತೆ ಕೆಲವರು ಹೇಳುತ್ತಾರೆ. ಅವರು 1980ರ ಜುಲೈ 21ನ್ನು ನೆನೆಯಲಿ. ಅಂದು ನವಲಗುಂದ, ನರಗುಂದಗಳಲ್ಲಿ ರೈತರು ಸಿಡಿದೆದ್ದರು, ಗುಂಡೇಟಿಗೆ ರೈತರ ಜೀವಗಳು ಬಲಿಯಾದವು. ನೀರು ಕಾಣದ ಹೊಲಕ್ಕೂ ಬೆಟರ್‌ಮೆಂಟ್ ಲೆವಿಯನ್ನು ಹೇರಿದ್ದು ಆ ಸಿಟ್ಟಿನ ಮೂಲದಲ್ಲಿತ್ತು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನೂ ಬಾರದಿದ್ದಾಗ ಹಳ್ಳಿಗನು ಎದುರು ನಿಲ್ಲುತ್ತಾನೆ. ಬಂದದ್ದು ಕಣ್ಣಿಗೆ ಕಂಡರೆ ತಾನಾಗಿ ಕೊಡುತ್ತಾನೆ.

ಆದಕಾರಣ ಸರಕಾರಕ್ಕೆ ನಮ್ಮ ಬಿನ್ನಹವಿದು. ಪ್ರತಿಯೊಂದು ಗ್ರಾಮ ಪಂಚಾಯತಿಗೆ ಸಲ್ಲುವ ಹಣವನ್ನು ವರ್ಷಾರಂಭದಲ್ಲಿಯೇ ಊರಿನ ಹೆಸರು ಹಿಡಿದು ಪ್ರಕಟಿಸಬೇಕು. ರಾಜ್ಯದ ಹಣಕಾಸು ಆಯೋಗವು ಹಂಚಿಕೆಯನ್ನು ಸೂಚಿಸುವಾಗ ತಲೆಗಳನ್ನಷ್ಟೇ ಎಣಿಸದೆ, ನೀರಿನ ಸವಳು, ಭೂಹೀನರ ಸಂಖ್ಯೆ, ಪರಿಶಿಷ್ಟರ ಕೇರಿಗಳು, ಅಂಗವಿಕಲರು, ಆಸ್ಪತ್ರೆಯ ದೂರ ಇವನ್ನೂ ತೂಗಬೇಕು. ಕಟ್ಟಿಲ್ಲದ ಹಣದ ಒಂದು ಗೊತ್ತಾದ ಪಾಲು ಕಟ್ಟಡಕ್ಕಲ್ಲ, ಕೂಸಿನ ಮನೆಗೂ ರೋಗಿಯ ಆರೈಕೆಗೂ ಅಂಗವಿಕಲರ ನೆರವಿಗೂ ಮೀಸಲಾಗಬೇಕು. ಪಂಚಾಯತಿಗಳ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯಬೇಕು. 2021ರಲ್ಲಿ ಅವಧಿ ತೀರಿದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ವರ್ಷಾನುಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರಿಗಳ ಕೈಯಲ್ಲಿ ಆಡಳಿತವು ಉಳಿದದ್ದು, ಕಲೆಕ್ಟರರು ಅಧ್ಯಕ್ಷರಾಗಿದ್ದ ಆ ಹಳೆಯ ಲೋಕಲ್ ಬೋರ್ಡನ್ನೇ ನೆನಪಿಗೆ ತರುತ್ತದೆ.

ಶಲವಡಿಯ ಬಂಧುಗಳಿಗೂ ಆ ಸೀಮೆಯ ಎಲ್ಲ ಊರುಗಳ ಬಂಧುಗಳಿಗೂ ಒಂದು ಮಾತು. ಮನೆಪಟ್ಟಿಯನ್ನು ತಪ್ಪದೆ ಕೊಡಿರಿ. ಕೊಟ್ಟವನ ಪ್ರಶ್ನೆಗೆ ತೂಕ ಹೆಚ್ಚು. ಗ್ರಾಮಸಭೆಗೆ ಹೋಗಿರಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ. ನಮ್ಮ ಓಣಿಗೆ ಎಷ್ಟು ಬಂದಿತೆಂದು ಕೇಳುವ ಮೊದಲು ಊರ ಕಡೆಯ ಕೇರಿಗೆ ಎಷ್ಟು ಮುಟ್ಟಿತೆಂದು ಕೇಳಿರಿ. ಈ ಪ್ರಶ್ನೆಯನ್ನು ಅನುಕೂಲವಂತನ ಬಾಯಿಂದ ಕೇಳಿದ ದಿನವೇ ಸ್ಥಾನಿಕ ಸ್ವರಾಜ್ಯವು ಹಳ್ಳಿಯಲ್ಲಿ ಬೇರೂರಿತೆಂದು ನಾವು ತಿಳಿಯುವೆವು.