ಹನ್ನೊಂದು ಹಂಗಾಮು, ಆದರೂ ಒಂದು ವರ್ಷವಿಲ್ಲ

ಹೋದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿಕ್ಕೋಡಿಯ ನಮ್ಮ ಮನೆಗೆ ಬಂದಿದ್ದ. ರಾಯಬಾಗ ತಾಲ್ಲೂಕಿನವನು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಪ್ಯಾನ್‌ಮನ್. ಕೆನಡಾಕ್ಕೆ ವಲಸೆ ಹೋಗಲು ಅರ್ಜಿ ಹಾಕುವ ಸಿದ್ಧತೆಯಲ್ಲಿದ್ದ. ಏಜಂಟನೊಬ್ಬ ಬರೆದುಕೊಟ್ಟಿದ್ದ ಅನುಭವ ಪತ್ರದ ಕರಡನ್ನು ನನ್ನ ಮುಂದಿಟ್ಟು, "ಸರ್, ಇದರಾಗಿನ ಇಂಗ್ಲಿಷ್ ಒಂದೀಟು ತಿದ್ದಿ ಕೊಡ್ರಿ" ಎಂದ.

ಓದಿ ನೋಡಿದೆ. ಇಂಗ್ಲಿಷಿನಲ್ಲಿ ತಪ್ಪುಗಳು ಹೆಚ್ಚಿರಲಿಲ್ಲ. ಸಂಗತಿಯಲ್ಲಿ ಎರಡಿದ್ದವು: ಅವನು ವರ್ಷವಿಡೀ ದುಡಿಯುವ ಕಾಯಂ ನೌಕರನೆಂಬುದು ಒಂದು, ಸೂಪರ್‌ವೈಸರ್ ಎಂಬುದು ಇನ್ನೊಂದು. ನಿಜದಲ್ಲಿ ಅವನು ಹಂಗಾಮಿ ಕಾರ್ಮಿಕ. ದೀಪಾವಳಿಯ ಹೊತ್ತಿಗೆ ಕಾರ್ಖಾನೆ ಶುರುವಾದರೆ ಕಬ್ಬು ಮುಗಿಯುವವರೆಗೆ, ಹೆಚ್ಚೆಂದರೆ ಐದು ತಿಂಗಳು, ಕೆಲಸ. ಉಳಿದ ಕಾಲ ಮನೆಯ ಹೊಲ. ಕಾರ್ಖಾನೆಯ ಲೆಟರ್‌ಹೆಡ್ಡನ್ನು ತಾನೇ ಹೊಂದಿಸುವೆನೆಂದು ಏಜಂಟ ಹೇಳಿದ್ದನಂತೆ. ಹೇಗೆ ಹೊಂದಿಸುತ್ತಾನೆಂದು ನಾನು ಕೇಳಲಿಲ್ಲ.

ಈ ಎರಡು ಸುಳ್ಳುಗಳೇ ಏಕೆ ಬೇಕಾದವು? ಕೆನಡಾದ ಕುಶಲ ಕಾರ್ಮಿಕ ಯೋಜನೆಯಲ್ಲಿ ವಯಸ್ಸು, ಭಾಷೆ, ವಿದ್ಯೆ, ಅನುಭವ ಮುಂತಾದವುಗಳಿಗೆ ಒಟ್ಟು 100 ಅಂಕ. ತೇರ್ಗಡೆಗೆ 67 ಬೇಕು. ಅಂಕ ಎಣಿಸುವುದಕ್ಕೂ ಮೊದಲೇ ಒಂದು ಷರತ್ತಿದೆ: ಕಳೆದ ಹತ್ತು ವರ್ಷಗಳಲ್ಲಿ ಒಂದೇ ಉದ್ಯೋಗದಲ್ಲಿ ಕನಿಷ್ಠ ಒಂದು ವರ್ಷ, 1,560 ಗಂಟೆ, ನಡುವೆ ಕಡಿಯದೆ ದುಡಿದಿರಬೇಕು. ನನ್ನ ಶಿಷ್ಯ ಹನ್ನೊಂದು ಹಂಗಾಮು ದುಡಿದವನು. ಕೂಡಿಸಿದರೆ ಐವತ್ತೈದು ತಿಂಗಳು. ಆದರೆ ಬಿಡುವಿಲ್ಲದ ಹನ್ನೆರಡು ತಿಂಗಳು ಅದರಲ್ಲಿ ಎಲ್ಲಿಯೂ ಸಿಗವು. "ಹನ್ನೊಂದು ಸೀಜನ್ ದುಡದೀನ್ರಿ ಸರ್, ಒಂದ ವರ್ಷ ಹುಟ್ಟವಲ್ದೇನ್ರಿ?" ಎಂದು ಅವನು ಕೇಳಿದಾಗ, ಗಣಿತ ಕಲಿಸಿದ ನನಗೇ ಉತ್ತರ ತೋಚಲಿಲ್ಲ.

ಎರಡನೆಯ ಸುಳ್ಳಿಗೆ ಕಾರಣ ಇನ್ನೂ ವಿಚಿತ್ರ. 2022ರ ನವೆಂಬರಿನಿಂದ ಆ ಯೋಜನೆಯಲ್ಲಿ ಉದ್ಯೋಗಗಳನ್ನು 0ಯಿಂದ 5ರವರೆಗೆ ಆರು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಮೂರರವರೆಗಿನವು ಮಾತ್ರ ಕುಶಲ ಕೆಲಸಗಳು. ಆಹಾರ ಕಾರ್ಖಾನೆಯ ಯಂತ್ರ ನಡೆಸುವವನು ನಾಲ್ಕರಲ್ಲಿ, ಕೊಯ್ಲಿನ ಕೂಲಿ ಐದರಲ್ಲಿ. ಸೂಪರ್‌ವೈಸರ್ ಮಾತ್ರ ಎರಡರಲ್ಲಿ! ನಾಲ್ಕನೆಯ ಮಟ್ಟವೆಂದರೆ ಪ್ರೌಢಶಾಲೆ ಮುಗಿಸಿದವನು ಅಥವಾ ಕೆಲವು ವಾರ ಕೆಲಸ ನೋಡಿ ಕಲಿತವನು ಮಾಡಬಹುದಾದದ್ದು ಎಂದರ್ಥ.

ಕೆಲವು ವಾರ! ಪ್ಯಾನ್‌ಮನ್ನನ ಕೆಲಸವನ್ನು ನಾನು ಒಮ್ಮೆ ನಿಂತು ನೋಡಿದ್ದೇನೆ. ಗಾಳಿ ತೆಗೆದ ದೊಡ್ಡ ಪಾತ್ರೆಯಲ್ಲಿ ರಸ ಕುದಿಯುತ್ತಿರುತ್ತದೆ. ಹದ ನೋಡಿ ಹರಳಿನ ಬೀಜ ಬಿಡಬೇಕು. ಆಗಾಗ ಒಂದು ಸಲಾಕೆಯಿಂದ ತುಸು ಹೊರತೆಗೆದು, ಗಾಜಿನ ತುಂಡಿನ ಮೇಲೆ ಸವರಿ, ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ ನೋಡುತ್ತಾನೆ. ಹರಳು ಸಮನಾಗಿ ಬೆಳೆಯುತ್ತಿದೆಯೋ, ನಡುವೆ ಬೇಡದ ಸಣ್ಣ ಹರಳು ಹುಟ್ಟಿತೋ ಎಂಬುದನ್ನು ಆ ಬೆರಳೇ ಹೇಳಬೇಕು. ತಪ್ಪಿದರೆ ಪಾತ್ರೆ ತುಂಬ ಇದ್ದ ಮಾಲು ಕೆಡುತ್ತದೆ. ಮೊದಲ ನಾಲ್ಕು ಹಂಗಾಮು ನನ್ನ ಶಿಷ್ಯ ಬರೀ ಹೆಲ್ಪರ್ ಆಗಿದ್ದ. ಪಾತ್ರೆಯನ್ನು ಅವನ ಒಬ್ಬನ ಕೈಗೆ ಕೊಟ್ಟದ್ದು ಐದನೆಯದರಲ್ಲಿ.

ನಮ್ಮ ಭಾಗದ ದುಡಿಮೆಯೇ ಹೀಗೆ, ಒಂದೋ ಹಂಗಾಮಿನದು, ಇಲ್ಲವೇ ನಗ ಲೆಕ್ಕದ್ದು. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಅಂದಿನಿಂದ ಚಿಮಣಿಗಳು ಹೆಚ್ಚಿದವು, ಹಂಗಾಮು ಉದ್ದವಾಗಲಿಲ್ಲ. ನಿಪ್ಪಾಣಿಯ ತಾಯಂದಿರು ಮನೆಯಲ್ಲಿ ಬೀಡಿ ಕಟ್ಟುವುದು ಸಾವಿರದ ಲೆಕ್ಕದಲ್ಲಿ. ಅವರಿಗೆ ವಾರಕ್ಕೆ ಇಷ್ಟು ಗಂಟೆಯೆಂದು ಪತ್ರ ಬರೆದುಕೊಡುವವರು ಯಾರು? ಅಥಣಿಯ ಚಪ್ಪಲಿಯದಂತೂ ಬೇರೆಯೇ ಕಥೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ದೊರೆತಾಗ ಅದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿತ್ತು. 2025ರ ಜೂನಿನಲ್ಲಿ ಅದೇ ಮಾದರಿಯ ಪಾದರಕ್ಷೆ ಮಿಲಾನ್ ನಗರದ ಪ್ರಾಡಾ ಪ್ರದರ್ಶನದಲ್ಲಿ ಕಾಣಿಸಿಕೊಂಡು ಗದ್ದಲವಾಯಿತು. ಚಪ್ಪಲಿ ಸಮುದ್ರ ದಾಟಿತು, ಹೊಲಿದವನು ಇಲ್ಲೇ ಇದ್ದಾನೆ.

ಕೆನಡಾದವರಿಗೆ ಹಂಗಾಮಿನ ಕೆಲಸ ಗೊತ್ತಿಲ್ಲವೆಂದಲ್ಲ. 1966ರಿಂದ ಅವರು ತೋಟಗಳಿಗೆ ಕೆರಿಬಿಯನ್ ದ್ವೀಪಗಳಿಂದ, ಆಮೇಲೆ ಮೆಕ್ಸಿಕೋದಿಂದಲೂ ಆಳುಗಳನ್ನು ಕರೆಸುತ್ತಿದ್ದಾರೆ. ಎಂಟು ತಿಂಗಳು ಮೀರದಂತೆ ದುಡಿಸಿ ಡಿಸೆಂಬರಿನಲ್ಲಿ ಮನೆಗೆ ಕಳಿಸುತ್ತಾರೆ. 2020ರಿಂದ 2025ರವರೆಗೆ ಕೃಷಿ-ಆಹಾರ ಕೆಲಸಗಾರರಿಗಾಗಿಯೇ ನೆಲೆಸುವ ಯೋಜನೆಯೊಂದಿತ್ತು. ಅದರಲ್ಲಿಯೂ ಕೆಲಸ ಹಂಗಾಮಿನದಾಗಿರಬಾರದು ಎಂದೇ ನಿಯಮ. ಹಣ್ಣು ಹಂಗಾಮಿನಲ್ಲಿ ಮಾಗುವುದು ತಪ್ಪಲ್ಲ, ಅದನ್ನು ಕೀಳುವವನು ಹಂಗಾಮಿನವನಾಗಿರುವುದು ಮಾತ್ರ ತಪ್ಪು. ಇದನ್ನು ನಾನು ನ್ಯಾಯವೆನ್ನಲಾರೆ. ತಮ್ಮ ಮನೆಗೆ ಯಾರನ್ನು ಕರೆಯಬೇಕೆಂಬುದು ಅವರ ಹಕ್ಕು, ಒಪ್ಪೋಣ. ಆದರೆ ಶಾಲೆಯಲ್ಲಿ ಕಲಿತದ್ದಷ್ಟೇ ಕುಶಲತೆ, ಬೆರಳು ಕಲಿತದ್ದು ಅಲ್ಲ ಎನ್ನುವ ಅಳತೆಗೋಲು ಸರಿಯಲ್ಲ.

ಹಾಗಿದ್ದರೆ ಕರಡನ್ನು ತಿದ್ದಿಕೊಟ್ಟೆನೇ? ಇಲ್ಲ. ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ ಎಂದು ತಿಳಿಸಿ ಹೇಳಿದೆ. ಅವನು ತಲೆ ತಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು, "ನನ್ನ ಹುಟ್ಟಿದ ತಾರೀಖು ಜೂನ್ ಒಂದು ಅಂತ ಬರದಾವ್ರು ನೀವ ಅಲ್ರಿ ಸರ್?" ಎಂದ. ಸುಮ್ಮನಾದೆ. ತಾರೀಖು ಗೊತ್ತಿಲ್ಲದ ತಂದೆತಾಯಿಗಳು ಮಕ್ಕಳನ್ನು ಕರೆತಂದಾಗ ನಾವು ಮಾಸ್ತರರು ರಜಿಸ್ಟರಿನಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಹಾಗೆ ಹುಟ್ಟಿಸಿದ ಮಕ್ಕಳೆಷ್ಟೋ! ಆಗ ಕೈ ನಡುಗಲಿಲ್ಲ. ಅದು ಯಾರಿಗೂ ಮೋಸವಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ವಯಸ್ಸಿಗೂ ಅಂಕವಿರುವ ಅರ್ಜಿಯ ಮುಂದೆ ಆ ಸಮಾಧಾನ ಸಾಲದು.

ಕಾರ್ಖಾನೆಗಳು ಪ್ರತಿ ಹಂಗಾಮಿನ ಕೊನೆಗೆ ಕಾರ್ಮಿಕನಿಗೆ ಒಂದು ಹಾಳೆ ಕೊಡಬೇಕೆಂಬುದು ನನ್ನ ಒತ್ತಾಯ: ಶುರುವಾದ ದಿನ, ಮುಗಿದ ದಿನ, ಮಾಡಿದ ಕೆಲಸದ ವಿವರ, ದುಡಿದ ಗಂಟೆಗಳು. ಖರ್ಚಿನ ಬಾಬತ್ತಲ್ಲ. ಅನುಭವದಿಂದ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ವಿಕಾಸ ಯೋಜನೆಯಲ್ಲಿ 2015ರಿಂದಲೂ ಬಂದಿದೆ. ಅದು ನಮ್ಮ ಕಾರ್ಖಾನೆಗಳ ಬಾಗಿಲಿಗೆ ಬರಲಿ. ಇದರಿಂದ ಕೆನಡಾದ ನಿಯಮ ಬದಲಾಗದು, ಬೇರೆ ಬಾಗಿಲುಗಳಿವೆ.

ಆ ದಿನ ಇಬ್ಬರೂ ಕುಳಿತು ಸಂಜೆಯವರೆಗೆ ಹೊಸ ಪತ್ರ ಬರೆದೆವು. ಹನ್ನೊಂದು ಹಂಗಾಮಿಗೆ ಹನ್ನೊಂದು ಸಾಲು. ಹುದ್ದೆ ಪ್ಯಾನ್‌ಮನ್, ಹಂಗಾಮಿ. ಕಾರ್ಖಾನೆಯವರು ಓದಿ ಸಹಿ ಹಾಕಿದರಂತೆ. ಅದನ್ನು ಅವನು ಪೂರ್ವ ಆಫ್ರಿಕಾದ ಸಕ್ಕರೆ ಕಾರ್ಖಾನೆಯೊಂದಕ್ಕೆ ಕಳಿಸಿದ್ದಾನೆ. ಉತ್ತರ ಬಂದಿಲ್ಲ. ಅಷ್ಟರಲ್ಲಿ ಇಲ್ಲಿ ಬಾಯ್ಲರ್ ಪ್ರದೀಪನವಾಯಿತು, ಹನ್ನೆರಡನೆಯ ಸಾಲು ಶುರುವಾಗಿದೆ.