ಜಾಬ್ ಕಾರ್ಡ್ ಓದಿಯೇ ಸಹಿ ಹಾಕಿ

ನಮ್ಮೂರಿನ ಹುಡುಗನೊಬ್ಬ ಸಾಲ ಮಾಡಿ ಹೊಸ ಕಾರು ತಂದು ಬಾಡಿಗೆ ಓಡಿಸ್ತಿದ್ದ. ನಾಲ್ಕೇ ತಿಂಗಳಿಗೆ ಎರಡನೇ ಗೇರ್ ಸಲೀಸಾಗಿ ಬೀಳದೆ ಕರಕರ ಸದ್ದು. ಮೂರು ಸಲ ಶೋರೂಮಿಗೆ ಹೋದ. 'ಕ್ಲಚ್ ಮೇಲೆ ಕಾಲಿಟ್ಟೇ ಓಡಿಸ್ತೀಯ, ಅದಕ್ಕೇ ಹಿಂಗೆ' ಅಂತ ಕಳಿಸಿದರು. ಬಾಡಿಗೆ ನಿಂತರೂ ಸಾಲದ ಕಂತು ನಿಲ್ಲಲಿಲ್ಲ.

ಅವನ ಮೂರೂ ಜಾಬ್ ಕಾರ್ಡ್ ನೋಡಿದೆ. 'ಜನರಲ್ ಚೆಕಪ್' ಎಂದಷ್ಟೇ ಇತ್ತು, ಗೇರಿನ ಮಾತೇ ಇಲ್ಲ. ಕೆಳಗೆ ಇವನದೇ ಸಹಿ. ನಾಳೆ ವಾರಂಟಿ ಮುಗಿದರೆ, ದೋಷ ಮೊದಲೇ ಇತ್ತು ಎನ್ನಲು ಸಾಕ್ಷಿ ಎಲ್ಲಿದೆ?

ಶೋರೂಮಿನವರದು ತಪ್ಪೇ. ಆದರೆ ಓದದೆ ಸಹಿ ಹಾಕುವ ನಮ್ಮ ಅಭ್ಯಾಸವೇ ಅವರನ್ನು ಕಾಯುತ್ತಿದೆ. ದೂರನ್ನು ನಿಮ್ಮ ಮಾತಿನಲ್ಲೇ, ಓಡಿದ ಕಿಲೋಮೀಟರ್ ಸಮೇತ ಬರೆಸಿ. ಫೋಟೊ ತೆಗೆದಿಟ್ಟುಕೊಳ್ಳಿ.

ಆಮೇಲೂ ಸರಿ ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಹೊಟ್ಟೆಪಾಡಿಗೆ ತಾನೇ ಬಾಡಿಗೆ ಓಡಿಸುವವನೂ ಗ್ರಾಹಕನೇ.

ನಾಲ್ಕನೇ ಸಲ ಹುಡುಗ ಎಲ್ಲ ಬರೆಸಿದ ಮೇಲೆಯೇ ಕೀ ಕೊಟ್ಟ. ಮೊನ್ನೆ ಗೇರ್‌ಬಾಕ್ಸ್ ಬಿಚ್ಚಿದ್ದಾರೆ.