ಚೀಟಿ ಎತ್ತುವುದರ ಪರವಾಗಿ

ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು ಎಂದು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಹೇಳಿದ್ದು 1920ರ ದಶಕದಲ್ಲಿ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದಾಗ. ಆಗ ಎದ್ದ ತಕರಾರುಗಳು ಇವತ್ತಿಗೂ ಅಡಗಿಲ್ಲ. ಅವುಗಳಿಗೆ ಉತ್ತರ ಕೊಡದೆ ಸುಮ್ಮನಿರುವುದು ಸರಿಯಲ್ಲ.

ಹೊಲವನ್ನು ಬಲ್ಲವನ ಕಣ್ಣಿಗಿಂತ ಚೀಟಿ ಹೆಚ್ಚೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ತಕರಾರು. ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ಗಿನೆಸ್ ಬಿಯರ್ ಕಂಪನಿಯ ಡಬ್ಲ್ಯು. ಎಸ್. ಗಾಸೆಟ್ 1937ರಲ್ಲಿ ತೀರಿಕೊಳ್ಳುವವರೆಗೂ ಇದನ್ನು ಬಿಟ್ಟುಕೊಡಲಿಲ್ಲ. ಮಣ್ಣಿನ ಸಾರ ಒಂದು ದಿಕ್ಕಿಗೆ ಏರುತ್ತಾ ಹೋಗುವುದಾದರೆ ಎರಡು ತಳಿಗಳನ್ನು ಅ, ಆ, ಆ, ಅ ಎಂದು ಸಾಲಾಗಿ ಬಿತ್ತಿದರೆ ಏರುಪೇರು ತಾನಾಗಿ ಸರಿಹೋಗುತ್ತದೆ ಎಂಬುದು ಅವರ ವಾದ. ಕಣ್ಣಿಗೆ ಕಾಣುವ ವ್ಯತ್ಯಾಸದ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಕೆರೆ ಮಗ್ಗುಲಿನ ತೇವ, ದಿಣ್ಣೆಯ ತೆಳು ಮಣ್ಣು ಯಾರಿಗಾದರೂ ತಿಳಿಯುತ್ತವೆ. ಹೊಲವನ್ನು ಬ್ಲಾಕುಗಳಾಗಿ ಒಡೆಯುವುದು ಅದಕ್ಕೇ. ಚೀಟಿ ಎತ್ತುವುದು ಆ ಬ್ಲಾಕಿನ ಒಳಗೆ ಮಾತ್ರ. ಆದರೆ ನಾಲ್ಕು ವರ್ಷದ ಹಿಂದೆ ಕುರಿಮಂದೆ ನಿಲ್ಲಿಸಿದ್ದ ಜಾಗವನ್ನೂ ಬಣವೆ ಕೊಳೆತ ಮೂಲೆಯನ್ನೂ ಯಾವ ಕಣ್ಣು ಗುರುತಿಸುತ್ತದೆ? ಕಾಣದ್ದು ಒಂದೇ ತಳಿಯ ಪಾಲಿಗೆ ಮತ್ತೆ ಮತ್ತೆ ಬೀಳದಂತೆ ಕಾಯುವುದು ಚೀಟಿ. ಕೈಯಾರೆ ಜೋಡಿಸಿದ ಸಾಲುಗಳಿಂದ ಉತ್ತರವೇನೋ ಬರುತ್ತದೆ. ಅದು ಎಷ್ಟು ತಪ್ಪಿರಬಹುದು ಎಂಬ ನಂಬಲರ್ಹ ಅಂದಾಜು ಬರುವುದಿಲ್ಲ. ಫಿಶರ್ ಪಟ್ಟು ಹಿಡಿದದ್ದು ಇಲ್ಲಿ, ಮತ್ತು ಅದು ನ್ಯಾಯವಾದ ಪಟ್ಟು.

ಇನ್ನು ಕೆಲವರು ಹೇಳುವುದು, ಸಂಖ್ಯೆ ದೊಡ್ಡದಿದ್ದರೆ ಈ ಕಟ್ಟುಪಾಡೆಲ್ಲ ಬೇಡ ಎಂದು. ಅವರು 1930ರಲ್ಲಿ ಸ್ಕಾಟ್ಲೆಂಡಿನ ಲಾನಾರ್ಕ್‌ಶೈರಿನಲ್ಲಿ ಆದದ್ದನ್ನು ನೋಡಬೇಕು. 67 ಶಾಲೆಗಳು, 20,000 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಹಾಲು, ಉಳಿದವರಿಗೆ ಇಲ್ಲ. ಹೆಸರಿನ ಅಕ್ಷರ ಕ್ರಮದಲ್ಲೋ ಚೀಟಿ ಎತ್ತಿಯೋ ಮಕ್ಕಳನ್ನು ಆರಿಸಿದ್ದರು. ಆದರೆ ಒಂದು ಗುಂಪಿನಲ್ಲಿ ಮೈತುಂಬಿದವರು ಅಥವಾ ಬಡಕಲು ಮಕ್ಕಳು ಹೆಚ್ಚಿದ್ದಾರೆ ಎನಿಸಿದರೆ ಅದಲು ಬದಲು ಮಾಡುವ ಸ್ವಾತಂತ್ರ್ಯ ಮೇಷ್ಟ್ರುಗಳಿಗಿತ್ತು. ಹಸಿದ ಮಗುವನ್ನು ಕಂಡು ಯಾವ ಮೇಷ್ಟ್ರ ಮನಸ್ಸು ಕರಗುವುದಿಲ್ಲ? ಹಾಲು ಬಡ ಮಕ್ಕಳ ಕಡೆಗೆ ವಾಲಿತು. ಲೆಕ್ಕ ತೆಗೆದಾಗ, ಹಾಲಿಲ್ಲದ ಗುಂಪಿನ ಮಕ್ಕಳು ಶುರುವಿನಲ್ಲೇ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು.

ತೊಡಕು ಅಲ್ಲಿಗೇ ನಿಲ್ಲಲಿಲ್ಲ. ಮಕ್ಕಳನ್ನು ಬಟ್ಟೆಯ ಸಮೇತ ತೂಗಿದ್ದರು, ಫೆಬ್ರವರಿಯ ಚಳಿಯಲ್ಲೊಮ್ಮೆ, ಜೂನಿನಲ್ಲೊಮ್ಮೆ. ಉಳ್ಳವರ ಮಕ್ಕಳ ಚಳಿಗಾಲದ ಬಟ್ಟೆ ದಪ್ಪ, ಬೇಸಿಗೆಗೆ ಅವರು ಕಳಚಿದ ಭಾರವೂ ಹೆಚ್ಚು. ಬಡ ಮಗುವಿಗೆ ಕಳಚಲು ಏನಿತ್ತು? ಹಾಗಾಗಿ ಹೋಲಿಕೆಯಲ್ಲಿ ಹಾಲು ಕುಡಿದವರ ತೂಕ ಇದ್ದದ್ದಕ್ಕಿಂತ ಹೆಚ್ಚು ಏರಿದಂತೆ ಕಂಡಿತು. ಇದನ್ನೆಲ್ಲ 1931ರಲ್ಲಿ ಬಿಡಿಸಿ ತೋರಿಸಿದವರು ಅದೇ ಸ್ಟೂಡೆಂಟ್. ಒಂದೇ ರೂಪದ 50 ಅವಳಿ ಜೋಡಿಗಳಿದ್ದಿದ್ದರೆ ಇದಕ್ಕಿಂತ ನಂಬುವಂಥ ಉತ್ತರ ಬಹಳ ಅಗ್ಗದಲ್ಲಿ ಸಿಗುತ್ತಿತ್ತು ಎಂಬುದು ಅವರ ಅಭಿಪ್ರಾಯ. ಇಪ್ಪತ್ತು ಸಾವಿರ ಎಂಬ ಸಂಖ್ಯೆ ಆ ವಾಲುವಿಕೆಯನ್ನು ಒಂದಿಷ್ಟೂ ತಗ್ಗಿಸಲಿಲ್ಲ, ಅದಕ್ಕೆ ಘನತೆಯನ್ನಷ್ಟೇ ತಂದುಕೊಟ್ಟಿತು.

ಒಮ್ಮೆಗೆ ಒಂದನ್ನೇ ಬದಲಿಸಿ ನೋಡಿ, ಅದೇ ನಿಜವಾದ ವಿಜ್ಞಾನ ಎನ್ನುವವರಿಗೆ ಉತ್ತರ ಚಿಕ್ಕದು. ರಾಗಿಗೆ ಕೊಟ್ಟ ಸಾರಜನಕ ನೀರಿದ್ದಾಗ ಮಾಡುವ ಕೆಲಸವನ್ನು ನೀರಿಲ್ಲದಾಗ ಮಾಡದು. ಎರಡನ್ನೂ ಒಟ್ಟಿಗೆ ಬದಲಿಸದೆ ಅದು ತಿಳಿಯುವುದೂ ಇಲ್ಲ. ಎರಡೆರಡು ಮಟ್ಟಗಳ ಅಂಶಗಳು ಏಳಾದರೆ ಜೋಡಣೆಗಳು 128 ಆಗುತ್ತವಲ್ಲ ಎಂದರೆ, ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1940ರ ದಶಕದಲ್ಲಿ ರೂಪಿಸಿದ ಲಂಬ ವ್ಯೂಹಗಳೆಂಬ ಆಯ್ದ ಜೋಡಣೆಗಳ ಪಟ್ಟಿಗಳಿವೆ. ಅಂಶಗಳ ಪರಸ್ಪರ ಪ್ರಭಾವ ಗೌಣವಾಗಿದ್ದರೆ ಏಳರ ಮುಖ್ಯ ಪರಿಣಾಮಗಳನ್ನೂ ಎಂಟೇ ಜೋಡಣೆಗಳಲ್ಲಿ ಅಳೆಯಬಹುದು.

ಮನುಷ್ಯರನ್ನು ಚೀಟಿ ಎತ್ತಿ ಹಂಚುವುದು ಕ್ರೌರ್ಯ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯಾವ ಚಿಕಿತ್ಸೆ ಮೇಲು ಎಂದು ಗೊತ್ತಿದ್ದೂ ಹಾಗೆ ಹಂಚಿದರೆ ಅದು ಕ್ರೌರ್ಯವೇ. ಗೊತ್ತಿಲ್ಲದಾಗ? 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸೆಯ ಪ್ರಯೋಗದಲ್ಲಿ ನಗರದ ಬಡ ರೋಗಿಗಳನ್ನು ಹೀಗೆಯೇ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಪಾಲು ತಮ್ಮ ಇಕ್ಕಟ್ಟಾದ ಮನೆಗಳಿಗೇ. ಮಾತ್ರೆಗಳು ಮಾತ್ರ ಇಬ್ಬರಿಗೂ ಒಂದೇ. ಸ್ಯಾನಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿ, ಆರೈಕೆ ಇತ್ತು. ವರ್ಷ ಕಳೆದ ಮೇಲೆ ನೋಡಿದರೆ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿದ್ದರು, ಅವರ ಮನೆಮಂದಿಗೆ ಕಾಯಿಲೆ ಹೆಚ್ಚಾಗಿ ತಗುಲಿರಲೂ ಇಲ್ಲ. ಹಂಚಿಕೆಯನ್ನು ವೈದ್ಯರ ಮರುಕಕ್ಕೆ ಬಿಟ್ಟಿದ್ದರೆ ತೀರಾ ಬಳಲಿದವರೆಲ್ಲ ಸ್ಯಾನಟೋರಿಯಂ ಸೇರುತ್ತಿದ್ದರು, ಹೋಲಿಕೆ ಲಾನಾರ್ಕ್‌ಶೈರಿನಂತೆಯೇ ಕೆಡುತ್ತಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿ 1962ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಎಂಬ ನೀತಿಯನ್ನು ಧೈರ್ಯವಾಗಿ ಹಿಡಿಯಲು ಆಧಾರವಾದದ್ದು ಆ ಚೀಟಿ ಎತ್ತಿದ ಪ್ರಯೋಗ.